ಬಿಸಿಲಿನ ಮನೆಯ ಕಳೆಯುವ ಲೆಕ್ಕ

ತಮ್ಮ ಮನೆಯ ಬಾನುಲಿಯಿಂದಲೇ ಮಾತನ್ನು ಆರಂಭಿಸುತ್ತೇನೆ. ಇಂದು ತಾವು ವಾರ್ತೆ ಕೇಳುವ ಪೆಟ್ಟಿಗೆ ಅಂಗೈಯಗಲದ್ದಿರಬಹುದು. ತಮ್ಮ ತಂದೆಯವರ ಅಥವಾ ತಾತನವರ ಕಾಲದಲ್ಲಿ ಪಡಸಾಲೆಯ ಗೂಡಿನಲ್ಲಿ ಕಸೂತಿಯ ಬಟ್ಟೆ ಹೊದ್ದು ಕುಳಿತಿದ್ದ ಮರದ ದೊಡ್ಡ ಪೆಟ್ಟಿಗೆಯನ್ನು ಕೊಂಚ ಜ್ಞಾಪಿಸಿಕೊಳ್ಳಿ. ಗುಂಡಿ ತಿರುಗಿಸಿದೊಡನೆ ಅದು ನುಡಿಯುತ್ತಿರಲಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕಾಯಬೇಕು, ಕಾದು ಕೆಂಪೇರಬೇಕು, ಆಮೇಲೆ ಒಂದೆರಡು ಸಲ ಗೊರಗುಟ್ಟಿ ಕಡೆಗೆ ಹಾಡಬೇಕು. ಐದು ವಾಲ್ವಿನ ಅಂಥ ಪೆಟ್ಟಿಗೆ ೪೦–೫೦ ವಾಟ್ ವಿದ್ಯುತ್ತನ್ನು ನುಂಗುತ್ತಿತ್ತು. ಚಳಿಗಾಲದಲ್ಲಿ ಬೆಕ್ಕು ಅದರ ಬೆನ್ನಿಗೆ ಒತ್ತಿಕೊಂಡು ಮಲಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಈಗಿನ ಕೈಪೆಟ್ಟಿಗೆ ಮೆಲ್ಲನೆ ನುಡಿಯಲು ಒಂದು ವಾಟೂ ಬೇಕಾಗದು. ಸಂಗೀತ ಅದೇ, ವಾರ್ತೆ ಅದೇ. ಹಾಗಾದರೆ ಉಳಿದ ನಲವತ್ತು ಚಿಲ್ಲರೆ ವಾಟು ಯಾರಿಗಾಗಿ ಉರಿಯುತ್ತಿತ್ತು? ಬೆಕ್ಕಿಗಾಗಿ ಎನ್ನಬೇಕು.

ಬಿಸಿಲಿನಿಂದ ದೀಪ ಹಚ್ಚುವ ಮನೆಯ ಇತಿಹಾಸವನ್ನು ಹೇಳಹೊರಟವನು ಬೆಕ್ಕಿನ ಮಾತೇಕೆ ಎತ್ತಿದೆನೆಂದು ತಾವು ಕೇಳಬಹುದು. ಛಾವಣಿಯ ಮೇಲಿನ ಹಲಗೆ ಹೇಗೆ ಹುಟ್ಟಿತು, ಹೇಗೆ ಅಗ್ಗವಾಯಿತು ಎಂಬ ಕಥೆಯನ್ನು ಪತ್ರಿಕೆಗಳು ಬೇಕಾದಷ್ಟು ಸಲ ಹೇಳಿವೆ. ಅದು ಅರ್ಧ ಕಥೆ. ಮಿಕ್ಕ ಅರ್ಧ ಛಾವಣಿಯ ಕೆಳಗೆ ನಡೆದದ್ದು, ದೀಪ, ಬಾನುಲಿ, ಪಂಖ, ಶೀತಪೆಟ್ಟಿಗೆಗಳ ಹಸಿವು ಇಳಿದ ಕಥೆ. ನನಗೆ ಅದೇ ಹೆಚ್ಚು ಮುಖ್ಯವೆಂದು ತೋರುತ್ತದೆ. ನಾನು ಪ್ರೌಢಶಾಲೆಯ ಕನ್ನಡ ಪಂಡಿತ. ವಿದ್ಯುತ್, ಶಕ್ತಿ ಎಂಬೆರಡು ಪದಗಳು ಕೂಡಿ ವಿದ್ಯುಚ್ಛಕ್ತಿ ಎಂದಾಗುವ ಸಂಧಿಕಾರ್ಯವನ್ನು ಮೂವತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದವನು. ಕೂಡಿಸುವುದು ನನಗೆ ಗೊತ್ತಿತ್ತು. ಕಳೆಯುವುದನ್ನು ಕಲಿತದ್ದು ತಡವಾಗಿ, ಅದೂ ಬೇರೆಯವರ ನೋವಿನಿಂದ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಅಮೆರಿಕದ ಬೆಲ್ ಪ್ರಯೋಗಾಲಯ ಆಗ ದೂರವಾಣಿ ಸಂಸ್ಥೆಯೊಂದಕ್ಕೆ ಸೇರಿತ್ತು. ಬಿಸಿಯೂ ತೇವವೂ ಹೆಚ್ಚಾದ ಪ್ರದೇಶಗಳಲ್ಲಿ ದೂರವಾಣಿಯ ಒಣಬ್ಯಾಟರಿಗಳು ಬೇಗನೆ ಕೆಡುತ್ತಿದ್ದುವು. ಬದಲು ಉಪಾಯ ಹುಡುಕುವ ಕೆಲಸ ಡ್ಯಾರಿಲ್ ಚೇಪಿನ್ ಎಂಬವರಿಗೆ ಬಿತ್ತು. ಅವರು ಸೆಲೆನಿಯಮ್ ಎಂಬ ಮೂಲವಸ್ತುವಿನ ಕೋಶವನ್ನು ಬಿಸಿಲಿಗೆ ಹಿಡಿದು ನೋಡಿದರು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲೂ ವಿದ್ಯುತ್ತಾಗಲಿಲ್ಲ. ಅದೇ ಕಟ್ಟಡದಲ್ಲಿ ಕ್ಯಾಲ್ವಿನ್ ಫುಲ್ಲರ್, ಜೆರಾಲ್ಡ್ ಪಿಯರ್ಸನ್ ಎಂಬ ಇನ್ನಿಬ್ಬರು ಸಿಲಿಕಾನಿನಲ್ಲಿ ಬೇರೆಯೇ ಉದ್ದೇಶಕ್ಕಾಗಿ ಕೆಲಸ ಮಾಡುತ್ತಿದ್ದರು. ಅವರ ಸಿಲಿಕಾನ್ ಚೂರಿನ ಮೇಲೆ ಬೆಳಕು ಬಿದ್ದಾಗ ಸೆಲೆನಿಯಮ್ಮಿಗಿಂತ ಎಷ್ಟೋ ಹೆಚ್ಚು ವಿದ್ಯುತ್ತು ಹರಿಯಿತು. ಮೂವರೂ ಕೂಡಿ ದುಡಿದುದರ ಫಲವಾಗಿ ೧೯೫೪ನೆಯ ಇಸವಿ ಏಪ್ರಿಲ್ ೨೫ರಂದು ನೂರಕ್ಕೆ ಸುಮಾರು ಆರು ಪಾಲು ಬೆಳಕನ್ನು ವಿದ್ಯುತ್ತಾಗಿಸುವ ಕೋಶ ಲೋಕದ ಮುಂದೆ ಬಂತು. ಅದು ತಿರುಗಿಸಿದ್ದು ಮಕ್ಕಳ ಆಟದ ಒಂದು ರಾಟವಾಳ. ನಡೆಸಿದ್ದು ಒಂದು ಪುಟ್ಟ ರೇಡಿಯೋ ಪ್ರೇಷಕ. ಅದೇ ವರ್ಷದ ನವೆಂಬರಿನಲ್ಲಿ, ಅದೇ ಪ್ರಯೋಗಾಲಯದಲ್ಲಿ ೧೯೪೭ರಲ್ಲಿ ಹುಟ್ಟಿದ್ದ ಟ್ರಾನ್ಸಿಸ್ಟರನ್ನು ಬಳಸಿ ತಯಾರಿಸಿದ ಮೊದಲ ಜೇಬುಬಾನುಲಿ ಅಮೆರಿಕದ ಪೇಟೆಗೆ ಬಂತು. ಬಿಸಿಲಿನಿಂದ ವಿದ್ಯುತ್ತನ್ನು ತೆಗೆಯುವ ಬಗೆಯೂ ವಿದ್ಯುತ್ತನ್ನು ಚಿಟಿಕೆಯಷ್ಟೇ ಬಳಸುವ ಬಗೆಯೂ ಒಂದೇ ವರ್ಷದಲ್ಲಿ ಮನೆವಾರ್ತೆಯ ಹೊಸ್ತಿಲಿಗೆ ಬಂದು ನಿಂತವೆಂಬುದನ್ನು ತಾವು ಗಮನಿಸಬೇಕು. ಜನ ಮೊದಲನೆಯದನ್ನು ಬೆರಗಿನಿಂದ ನೋಡಿದರು. ಎರಡನೆಯದನ್ನು ಜೇಬಿಗೆ ಹಾಕಿಕೊಂಡು ಹೋದರು.

ಚೇಪಿನ್ ಮಹಾಶಯರು ಒಂದು ಲೆಕ್ಕ ಮಾಡಿದರು. ೧೯೫೬ರಲ್ಲಿ ಒಂದು ವಾಟಿನ ಕೋಶಕ್ಕೆ ೨೮೬ ಡಾಲರು ಬೀಳುತ್ತಿತ್ತು. ಸಾಮಾನ್ಯ ಅಮೆರಿಕನ್ ಗೃಹಸ್ಥನ ಮನೆಯನ್ನು ನಡೆಸಲು ಸಾಕಾಗುವಷ್ಟು ಹಲಗೆ ಹಾಸಿದರೆ ಖರ್ಚು ೧೪,೩೦,೦೦೦ ಡಾಲರು. ಭಾಗಿಸಿ ನೋಡಿ: ಅವರು ಆ ಮನೆಗೆ ಹಿಡಿದದ್ದು ೫,೦೦೦ ವಾಟಿನ ಹಲಗೆ. ಈ ಲೆಕ್ಕವನ್ನು ಓದಿದವರೆಲ್ಲ ೨೮೬ ಎಂಬ ಅಂಕಿಯನ್ನು ನೋಡಿ ಉಸ್ಸೆಂದರು. ೫,೦೦೦ ಎಂಬ ಅಂಕಿಯ ಮೇಲೆ ಬೆರಳಿಟ್ಟು, ಇಷ್ಟೇಕೆ ಬೇಕು ಎಂದು ಕೇಳಿದವರು ಬಹು ಕಡಿಮೆ. ಗುಣಾಕಾರದಲ್ಲಿ ಎರಡು ಸಂಖ್ಯೆಗಳಿರುತ್ತವೆ. ಯಾವುದನ್ನು ಇಳಿಸಿದರೂ ಫಲ ಇಳಿಯುತ್ತದೆಂದು ನಾಲ್ಕನೆಯ ತರಗತಿಯ ಮಗುವೂ ಬಲ್ಲದು.

ಎರಡನೆಯ ಸಂಖ್ಯೆಯನ್ನು ಮೊದಲು ಇಳಿಸಿದವರು ಗೃಹಸ್ಥರಲ್ಲ, ಉಪಗ್ರಹ ಹಾರಿಸಿದವರು. ೧೯೫೮ನೆಯ ಇಸವಿ ಮಾರ್ಚ್ ೧೭ರಂದು ಅಮೆರಿಕದವರು ವ್ಯಾನ್‌ಗಾರ್ಡ್ ಎಂಬ ಗೋಳವನ್ನು ಅಂತರಿಕ್ಷಕ್ಕೆ ಕಳಿಸಿದರು. ತೂಕ ಒಂದೂವರೆ ಕಿಲೋಗ್ರಾಮಿಗೂ ಕೊಂಚ ಕಡಿಮೆ, ಗಾತ್ರ ಒಂದು ಚಕ್ಕೋತದ ಹಣ್ಣಿನಷ್ಟು. ಅದರಲ್ಲಿ ಎರಡು ಪ್ರೇಷಕಗಳಿದ್ದುವು. ಒಂದು ಬ್ಯಾಟರಿಯಿಂದ ನಡೆಯತಕ್ಕದ್ದು. ಇನ್ನೊಂದು ಗೋಳದ ಮೈಮೇಲಿನ ಪುಟ್ಟ ಸೌರಕೋಶಗಳಿಂದ ನಡೆಯತಕ್ಕದ್ದು. ಬ್ಯಾಟರಿಯದು ಹತ್ತು ಮಿಲಿವಾಟು, ಬಿಸಿಲಿನದು ಐದೇ ಮಿಲಿವಾಟು, ಅಂದರೆ ಒಂದು ವಾಟನ್ನು ಇನ್ನೂರು ಪಾಲು ಮಾಡಿದರೆ ಅದರಲ್ಲೊಂದು. ಎರಡೂ ನುಡಿಯುತ್ತಿದ್ದುದು ಸುಮಾರು ೧೦೮ ಮೆಗಾಹರ್ಟ್ಸ್‌ನಲ್ಲಿ, ತಮ್ಮ ಎಫ್‌.ಎಂ. ಪೆಟ್ಟಿಗೆಯ ಮುಳ್ಳು ಬಲಗಡೆ ಕಟ್ಟಕಡೆಗೆ ಹೋಗಿ ನಿಲ್ಲುವ ಸ್ಥಳ ಅದು. ಹತ್ತು ಮಿಲಿವಾಟಿನ ಪ್ರೇಷಕ ಆ ವರ್ಷದ ಜೂನಿನಲ್ಲಿ ಮೌನವಾಯಿತು. ಐದು ಮಿಲಿವಾಟಿನದು ೧೯೬೪ರ ಮೇ ತಿಂಗಳವರೆಗೆ, ಆರು ವರ್ಷಕ್ಕೂ ಮಿಕ್ಕು, ಮಾತನಾಡುತ್ತಲೇ ಇತ್ತು. ಗೋಳ ಇಂದಿಗೂ ಭೂಮಿಯನ್ನು ಸುತ್ತುತ್ತಿದೆ. ಸಣ್ಣ ಹಲಗೆಯಿಂದ ಬಾಳುವೆ ಮಾಡಿದ ಮೊದಲ ಮನೆ ಯಾವುದೆಂದು ನನ್ನನ್ನು ಕೇಳಿದರೆ ಈ ಚಕ್ಕೋತದ ಹಣ್ಣನ್ನೇ ತೋರಿಸುತ್ತೇನೆ.

ಭೂಮಿಯ ಮೇಲಿನ ಮನೆಗಳಲ್ಲಿ ಕಥೆ ವ್ಯತಿರಿಕ್ತವಾಗಿ ನಡೆಯಿತು. ವಿದ್ಯುತ್ತು ಅಗ್ಗವಾಗಿದ್ದ ದೇಶಗಳಲ್ಲಿ ಯಂತ್ರಗಳ ಹಸಿವು ವರ್ಷೇ ವರ್ಷೇ ಏರಿತು. ಅಮೆರಿಕದ ಮನೆಯ ಶೀತಪೆಟ್ಟಿಗೆಯೊಂದು ೧೯೭೦ರ ದಶಕದ ನಡುವೆ ವರ್ಷಕ್ಕೆ ಸುಮಾರು ೧,೮೦೦ ಯೂನಿಟ್ಟು ತಿನ್ನುತ್ತಿತ್ತು. ಗೋಡೆಯನ್ನು ತೆಳ್ಳಗೆ ಮಾಡಿದರೆ ತಯಾರಕನಿಗೆ ಲಾಭ. ತಂಪು ಸೋರಿ ಹೋದರೆ ಹಣ ಕೊಡುವವನು ಗೃಹಸ್ಥ. ೧೯೭೩ರಲ್ಲಿ ಅರಬ್ ದೇಶಗಳು ಎಣ್ಣೆಯನ್ನು ತಡೆಹಿಡಿದಾಗ ಲೋಕಕ್ಕೆ ಎಚ್ಚರವಾಯಿತು. ಆ ನವೆಂಬರಿನ ಒಂದು ಶುಕ್ರವಾರ ಸಂಜೆ ಕ್ಯಾಲಿಫೋರ್ನಿಯದ ಬರ್ಕ್‌ಲಿಯಲ್ಲಿ ಆರ್ಥರ್ ರೋಸೆನ್‌ಫೆಲ್ಡ್ ಎಂಬ ಭೌತವಿಜ್ಞಾನಿ, ಮನೆಗೆ ಹೊರಡುವ ಮುನ್ನ ತನ್ನ ಅಂತಸ್ತಿನ ಖಾಲಿ ಕೋಣೆಗಳ ದೀಪಗಳನ್ನು ಆರಿಸಲು ಹೋದರು. ಗುಂಡಿಗಳೇ ಸಿಗಲೊಲ್ಲವು. ಒಂದು ಕಪಾಟಿನ ಹಿಂದೆ, ಒಂದು ಪುಸ್ತಕದ ಬೀರುವಿನ ಹಿಂದೆ, ಇನ್ನೊಂದು ಗೋಡೆಯ ಚಿತ್ರದ ಅಡಿಯಲ್ಲಿ! ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಅವರಿಗೆ ತಮ್ಮ ಮುಂದಿನ ಬಾಳಿನ ಕೆಲಸ ಗೊತ್ತಾಯಿತು. ಅಣುವಿನೊಳಗಿನ ಕಣಗಳನ್ನು ಬಿಟ್ಟು ಶೀತಪೆಟ್ಟಿಗೆ, ಕಿಟಕಿ, ದೀಪಗಳ ಬೆನ್ನು ಹತ್ತಿದರು. ಯಂತ್ರ ಇಷ್ಟಕ್ಕಿಂತ ಹೆಚ್ಚು ತಿನ್ನಕೂಡದೆಂದು ಮೊದಲು ಕ್ಯಾಲಿಫೋರ್ನಿಯ, ಬಳಿಕ ಇಡೀ ಅಮೆರಿಕ ಕಟ್ಟಳೆ ಮಾಡಿತು. ಹೊಸ ಶತಮಾನ ಹುಟ್ಟುವ ಹೊತ್ತಿಗೆ ಶೀತಪೆಟ್ಟಿಗೆ ಗಾತ್ರದಲ್ಲಿ ಹಿಗ್ಗಿದ್ದರೂ ಅದರ ಊಟ ಮೂರರಲ್ಲೊಂದು ಪಾಲಿಗೆ ಇಳಿದಿತ್ತು. ನಮ್ಮ ದೇಶದಲ್ಲಿ ಶಕ್ತಿ ಸಂರಕ್ಷಣೆಯ ಅಧಿನಿಯಮ ಬಂದದ್ದು ೨೦೦೧ರಲ್ಲಿ. ಯಂತ್ರಗಳ ಮೇಲೆ ನಕ್ಷತ್ರದ ಚೀಟಿ ಅಂಟಿಸುವ ಪದ್ಧತಿ ೨೦೦೬ರಲ್ಲಿ. ಅಂಗಡಿಗೆ ಹೋದಾಗ ತಾವು ಎಣಿಸುವ ಆ ನಕ್ಷತ್ರಗಳ ಹಿಂದೆ ಬರ್ಕ್‌ಲಿಯ ಕಪಾಟಿನ ಹಿಂದಿನ ಗುಂಡಿಯೂ ಇದೆಯೆಂದು ತಿಳಿಯಿರಿ.

ಇನ್ನು ನಮ್ಮ ನಾಡಿನ ಮಾತು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ೧೯೦೨ರಲ್ಲಿ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗೆ ೧೯೦೫ರ ಆಗಸ್ಟಿನಲ್ಲಿ ದೀಪ ಬಂತು. ಈ ಹೆಮ್ಮೆಯನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಆದರೆ ಮೊದಲು ಗಣಿ, ಆಮೇಲೆ ಬೀದಿ, ಆಮೇಲೆ ಪೇಟೆಯ ಮನೆ, ಕಟ್ಟಕಡೆಗೆ ಹಳ್ಳಿಯ ಮನೆ ಎಂಬ ಕ್ರಮ ಮುಂದೆ ಒಂದು ಶತಮಾನ ಹಾಗೆಯೇ ನಡೆದುಬಂತು. ೧೯೮೭ರಲ್ಲಿ ರಾಜ್ಯದ ವಿದ್ಯುತ್ ಯೋಜನೆಗಳನ್ನು ಕುರಿತ ಸಮಿತಿಯೊಂದು ೨೦೦೦ನೆಯ ಇಸವಿಗೆ ಬೇಕಾಗುವ ಶಕ್ತಿಯನ್ನು ಅಂದಾಜು ಮಾಡಿ, ಬಹು ದೊಡ್ಡ ಮೊತ್ತವೊಂದನ್ನು ಮುಂದಿಟ್ಟಿತು. ಭಾರತೀಯ ವಿಜ್ಞಾನ ಮಂದಿರದಲ್ಲಿ ಆಗ ಅಮೂಲ್ಯ ಕುಮಾರ ಎನ್‌. ರೆಡ್ಡಿ ಎಂಬ ಪ್ರಾಧ್ಯಾಪಕರಿದ್ದರು. ಮೂಲತಃ ವಿದ್ಯುದ್ರಸಾಯನದ ವಿದ್ವಾಂಸರು. ಆ ಶಾಸ್ತ್ರದಲ್ಲಿ ಲೋಕಪ್ರಸಿದ್ಧವಾದ ಗ್ರಂಥವೊಂದರ ಜೊತೆ ಕರ್ತೃ. ೧೯೭೪ರಲ್ಲಿ ಅಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿ, ಗ್ರಾಮಗಳಿಗೆ ಒಗ್ಗುವ ಒಲೆ, ಅನಿಲ, ಕಟ್ಟಡಗಳ ಕಡೆ ತಿರುಗಿದ್ದರು. ಅವರು ಈ ಮೊತ್ತವನ್ನು ನೋಡಿ ಕೇಳಿದ ಪ್ರಶ್ನೆ ಬಲು ಸರಳವಾದದ್ದು: ಜನಕ್ಕೆ ನಿಜವಾಗಿ ಬೇಕಾಗಿರುವುದು ಏನು?

ಯಾರಿಗೂ ಯೂನಿಟ್ಟು ಬೇಕಾಗಿಲ್ಲ ಎಂಬುದು ಅವರ ವಾದದ ತಿರುಳು. ಬೇಕಾಗಿರುವುದು ಓದಲು ಬೆಳಕು, ಬೆಂದ ಅನ್ನ, ಮೀಯಲು ಬಿಸಿನೀರು, ಹೊಲಕ್ಕೆ ನೀರು. ಈ ಸೇವೆಗಳನ್ನು ಮೊದಲು ಎಣಿಸಿ, ಪ್ರತಿಯೊಂದನ್ನೂ ಅತಿ ಕಡಿಮೆ ಶಕ್ತಿಯಿಂದ ಸಲ್ಲಿಸುವ ಬಗೆ ಹುಡುಕಿ, ಆಮೇಲೆ ಮಿಕ್ಕದ್ದಕ್ಕೆ ಅಣೆಕಟ್ಟೋ ಸ್ಥಾವರವೋ ಎಂದು ಯೋಚಿಸಬೇಕು. ೧೯೯೧ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ 'ಡಿಫೆಂಡಸ್' ಎಂಬ ಹೆಸರಿನಿಂದ ಕರ್ನಾಟಕಕ್ಕೆ ಬೇರೆ ಲೆಕ್ಕವನ್ನು ಪ್ರಕಟಿಸಿದರು. ರಾಜ್ಯದ ಎಲ್ಲ ಮನೆಗಳಿಗೂ ದೀಪ ಕೊಟ್ಟ ಮೇಲೂ ಬರುವ ಮೊತ್ತ, ಸಮಿತಿಯ ಅಂದಾಜಿನ ಅರ್ಧಕ್ಕಿಂತ ಕಡಿಮೆಯಾಗಿತ್ತು! ಅವರ ಲೆಕ್ಕ ಎಲ್ಲರಿಗೂ ರುಚಿಸಲಿಲ್ಲ. ಕಟ್ಟುವುದರಲ್ಲಿ ಕೀರ್ತಿಯಿದೆ, ಶಂಕುಸ್ಥಾಪನೆಯಿದೆ, ಫಲಕವಿದೆ. ಕಟ್ಟದೆ ಉಳಿಸಿದ ಸ್ಥಾವರಕ್ಕೆ ಯಾರು ರಿಬ್ಬನ್ ಕತ್ತರಿಸುತ್ತಾರೆ? ರೆಡ್ಡಿಯವರು ೨೦೦೬ರಲ್ಲಿ ತೀರಿಕೊಂಡರು.

ಇಲ್ಲಿ ತಮ್ಮ ಮನಸ್ಸಿನಲ್ಲೊಂದು ಆಕ್ಷೇಪ ಏಳಬೇಕು. ಏಳದಿದ್ದರೆ ನಾನೇ ಎಬ್ಬಿಸುತ್ತೇನೆ. ಹೊಟ್ಟೆ ತುಂಬಿದವನಿಗೆ ಉಪವಾಸದ ಉಪದೇಶ ಸರಿ. ಎಂದೂ ದೀಪವನ್ನೇ ಕಾಣದವನಿಗೆ ಕಡಿಮೆ ಉರಿಸೆನ್ನುವುದು ಕ್ರೌರ್ಯವಲ್ಲವೆ? ಕ್ರೌರ್ಯವೇ. ಆದರೆ ಚಿಮಣಿ ಬುಡ್ಡಿಯನ್ನು ನೋಡಿ. ಅದು ಉರಿಸುವ ಸೀಮೆಎಣ್ಣೆಯಲ್ಲಿ ಹೊಗೆ, ಶಾಖ, ಕರಿ ಇವೇ ಬಹುಪಾಲು, ಬೆಳಕು ಎಳ್ಳಷ್ಟು. ಎಲ್ಲರಿಗಿಂತ ಹೆಚ್ಚು ಪೋಲು ಬಡವನ ದೀಪದಲ್ಲೇ ಆಗುತ್ತಿತ್ತು, ಅವನ ತಪ್ಪಿಲ್ಲದೆ. ಏಳು ವಾಟಿನ ಒಂದು ಕಿರುಗೊಳವೆಯ ದೀಪ ಹತ್ತಾರು ಚಿಮಣಿಗಳ ಬೆಳಕನ್ನು ಕೊಟ್ಟಾಗ ಅವನ ಪಾಲಿಗೆ ಶಕ್ತಿ ಕಡಿಮೆಯಾಯಿತು, ಬೆಳಕು ಹೆಚ್ಚಾಯಿತು. ಇದನ್ನು ಉಪವಾಸ ಎನ್ನಲಾಗದು.

ಆಫ್ರಿಕದ ಕೀನ್ಯದಲ್ಲಿ ಇದು ಒಂದು ಶಾಲೆಯಿಂದ ಆರಂಭವಾಯಿತೆಂಬುದು, ನಾನು ಮೇಷ್ಟರಾದ್ದರಿಂದ, ನನಗೆ ಪ್ರಿಯವಾದ ಸಂಗತಿ. ೧೯೮೪ರ ಸುಮಾರಿಗೆ ಮೇರು ಸೀಮೆಯ ಕರಮೂಗಿ ಎಂಬಲ್ಲಿ ಊರವರೇ ಚಂದಾ ಎತ್ತಿ ನಡೆಸುತ್ತಿದ್ದ ಪ್ರೌಢಶಾಲೆಯಿತ್ತು. ಅಮೆರಿಕದಿಂದ ಬಂದಿದ್ದ ಮಾರ್ಕ್ ಹ್ಯಾಂಕಿನ್ಸ್ ಎಂಬ ಯುವಕ ಅಲ್ಲಿ ಪಾಠ ಹೇಳುತ್ತಿದ್ದ. ಡೀಸೆಲ್ ಯಂತ್ರ ತರುವ ಮಾತು ನಡೆದಿದ್ದಾಗ ಹೆರಾಲ್ಡ್ ಬರಿಸ್ ಎಂಬ ಎಂಜಿನಿಯರರು, ತರಗತಿಗೆ ಬೇಕಾದ ಬೆಳಕನ್ನಷ್ಟೇ ಎಣಿಸಿ, ಅದಕ್ಕೆ ತಕ್ಕ ಕೊಳವೆದೀಪಗಳನ್ನೂ ಹಲಗೆಗಳನ್ನೂ ಹಾಕಿಕೊಟ್ಟರು. ರಾತ್ರಿ ಮಕ್ಕಳು ಓದುವುದನ್ನು ಕಂಡ ಸುತ್ತಲಿನ ಶಿಕ್ಷಕರೂ ಕಾಫಿ ಬೆಳೆಗಾರರೂ ತಮ್ಮ ಮನೆಗೂ ಬೇಕೆಂದರು. ಸರಕಾರದ ಕಂಬಕ್ಕೆ ಕಾಯದೆ ಸ್ವಂತ ಹಣದಿಂದ ಕೊಂಡರು. ಹನ್ನೆರಡು ವೋಲ್ಟಿನ ಕಪ್ಪುಬಿಳುಪಿನ ಚಿಕ್ಕ ದೂರದರ್ಶನ ಪೆಟ್ಟಿಗೆಯೂ ಈ ವ್ಯಾಪಾರಕ್ಕೆ ದೊಡ್ಡ ಆಕರ್ಷಣೆಯಾಯಿತು. ಚಿಕ್ಕದು, ಕಪ್ಪುಬಿಳುಪಿನದು ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ನಮ್ಮಲ್ಲಿ ೧೯೯೫ರಲ್ಲಿ ಹರೀಶ ಹಂದೆಯವರು ಸಹಸ್ಥಾಪಕರಾಗಿ ಸೆಲ್ಕೋ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿತು. ಕರಾವಳಿ ಮಲೆನಾಡುಗಳ ಒಂಟಿಮನೆಗಳಿಗೆ ದೀಪ ಹಾಕುತ್ತ, ಗ್ರಾಮೀಣ ಬ್ಯಾಂಕುಗಳನ್ನು ಸಾಲ ಕೊಡಲು ಒಪ್ಪಿಸುತ್ತ ಬೆಳೆಯಿತು. ಹಂದೆಯವರಿಗೆ ೨೦೧೧ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಅನೇಕರು ಆ ದಾರಿಯಲ್ಲಿ ನಡೆದರು. ಅಂಥ ನಾಲ್ಕು ದೀಪದ ಏರ್ಪಾಡೊಂದನ್ನು ನಮ್ಮ ತಂದೆಯವರೂ ೧೯೯೮ರಲ್ಲಿ ಬ್ಯಾಂಕಿನ ಸಾಲದಿಂದ ಹಾಕಿಸಿದರು.

ನಮ್ಮದು ಮಲೆನಾಡಿನ ಒಂದು ಹಳ್ಳಿಮನೆ. ವಿದ್ಯುತ್ತಿನ ಕಂಬ ಎರಡು ಮೈಲಿ ಆಚೆಗೆ ನಿಂತಿತ್ತು. ಹಂಚಿನ ಮೇಲೆ ಮೂವತ್ತೈದು ವಾಟಿನ ಹಲಗೆ, ಜಗಲಿಯ ಮೂಲೆಯಲ್ಲಿ ಒಂದು ಬ್ಯಾಟರಿ. ಅಡಿಗೆಮನೆ, ನಡುಮನೆ, ಜಗಲಿ, ಕೊಟ್ಟಿಗೆ ಈ ನಾಲ್ಕು ಕಡೆ ಏಳೇಳು ವಾಟಿನ ದೀಪ. ಒಳ್ಳೆಯ ಬಿಸಿಲಿನಲ್ಲಿ ಹಲಗೆಯ ದಿನದ ಗಳಿಕೆ, ಸೋರಿಕೆ ಕಳೆದು, ಸುಮಾರು ೧೪೦ ವಾಟ್‌ಗಂಟೆ. ನಾಲ್ಕು ದೀಪ ಐದು ಗಂಟೆ ಉರಿದರೆ ಸರಿಯಾಗಿ ಅಷ್ಟೇ ಖರ್ಚು. ತಂದೆಯವರು ಅಕ್ಷರಸ್ಥರಾದರೂ ಈ ಗಣಿತ ಮಾಡಿದವರಲ್ಲ. ಆದರೂ ಎದ್ದು ಬಂದ ಕೋಣೆಯ ದೀಪ ಆರಿಸದೆ ಮುಂದಿನ ಕೋಣೆಗೆ ಕಾಲಿಡುತ್ತಿರಲಿಲ್ಲ. ಬ್ಯಾಟರಿ ತೀರುವಂತಾದರೆ ತಾನೇ ತಡೆಯುವ ಒಂದು ಕಾವಲು ಪೆಟ್ಟಿಗೆ ಗೋಡೆಗಿತ್ತು. ಕೆಂಪು ಚುಕ್ಕೆ ಬಂದರೆ ಅದರೊಡನೆ ಜಗಳವಾಡಬೇಡಿ ಎಂದು ಹಾಕಲು ಬಂದ ಹುಡುಗ ಹೇಳಿ ಹೋಗಿದ್ದ. ಐದು ವರ್ಷ ಯಾರೂ ಜಗಳವಾಡಲಿಲ್ಲ.

ಆಡಿದವನು ನಾನು. ೨೦೦೩ನೆಯ ಇಸವಿ ಮಾರ್ಚ್ ೨೩, ಭಾನುವಾರ. ಜೋಹಾನ್ಸ್‌ಬರ್ಗಿನಲ್ಲಿ ವಿಶ್ವಕಪ್ಪಿನ ಕಡೆಯ ಪಂದ್ಯ, ಭಾರತಕ್ಕೂ ಆಸ್ಟ್ರೇಲಿಯಕ್ಕೂ. ನಾನು ಪೇಟೆಯಿಂದ ಬಣ್ಣದ ದೂರದರ್ಶನ ಪೆಟ್ಟಿಗೆಯನ್ನೂ ಒಂದು ಇನ್ವರ್ಟರನ್ನೂ ಎರವಲು ತಂದಿದ್ದೆ. ಊರ ಹುಡುಗರೆಲ್ಲ ಜಗಲಿಯಲ್ಲಿ ನೆರೆದಿದ್ದರು. ಕಾವಲು ಪೆಟ್ಟಿಗೆಯ ಮೂಲಕ ಹೋದರೆ ಅದು ನಡುವೆ ತಡೆದುಬಿಟ್ಟೀತೆಂದು, ಬಲು ಜಾಣನಂತೆ, ತಂತಿಯನ್ನು ನೇರವಾಗಿ ಬ್ಯಾಟರಿಗೇ ಕಟ್ಟಿದೆ. ಪೆಟ್ಟಿಗೆಯದು ಅರುವತ್ತು ವಾಟು. ಮಧ್ಯಾಹ್ನ ಒಂದೂವರೆಯಿಂದ ರಾತ್ರಿ ಒಂಬತ್ತರ ಸುಮಾರಿನವರೆಗೆ ನಡೆಯಿತು. ತಾವೇ ಗುಣಿಸಿ ನೋಡಿ, ೪೫೦ ವಾಟ್‌ಗಂಟೆ, ಇನ್ವರ್ಟರು ತಿಂದದ್ದು ಬೇರೆ. ಮೂರೂವರೆ ದಿನದ ಗಳಿಕೆಯನ್ನು ಒಂದು ಪಂದ್ಯಕ್ಕೆ ಸುರಿದಿದ್ದೆ. ಪಂದ್ಯವನ್ನೂ ಸೋತೆವು. ಜನ ಮನೆಗಳಿಗೆ ಹೋದರು, ನಾವು ಊಟ ಮುಗಿಸುವ ಮುಂಚೆಯೇ ನಾಲ್ಕು ದೀಪಗಳೂ ಕೆಂಪಾಗಿ ಆರಿದವು. ನಗುತ್ತ ಮಲಗಿದೆವು.

ಕೌಲೆ ಎಂಬ ಹಸು ಆ ರಾತ್ರಿ ಈಯಿತು. ಎರಡು ಗಂಟೆಯ ಹೊತ್ತಿಗೆ ಅದರ ಕೂಗು ಕೇಳಿ ತಂದೆಯವರು ಎದ್ದು, ಅಭ್ಯಾಸದಂತೆ ಕೊಟ್ಟಿಗೆಯ ಗುಂಡಿ ಒತ್ತಿದರು, ಬೆಳಕಿಲ್ಲ. ಐದು ವರ್ಷದಿಂದ ಚಿಮಣಿಗೆ ಎಣ್ಣೆ ಹಾಕಿರಲಿಲ್ಲ, ಅದು ಅಟ್ಟದಲ್ಲಿತ್ತು. ಯಾರನ್ನೂ ಎಬ್ಬಿಸದೆ ಕತ್ತಲಲ್ಲಿ ಕೊಟ್ಟಿಗೆಯ ಕಲ್ಲುಮೆಟ್ಟಿಲು ಇಳಿದರು. ಬೆಳಗಿನ ಜಾವ ಜೀಪಿನಲ್ಲಿ ಶಿವಮೊಗ್ಗೆಗೆ ಕರೆದೊಯ್ದೆವು. ತೊಡೆಯ ಮೂಳೆ ಮುರಿದಿತ್ತು. ದಾರಿಯಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ ಮಾತು: "ಪಂದ್ಯ ಯಾರು ಗೆದ್ದರು?" ಆಟದ ನಡುವೆಯೇ ಅವರು ತೋಟಕ್ಕೆ ಹೋಗಿದ್ದರು. ಮುಂದೆ ಊರುಗೋಲಿಲ್ಲದೆ ಅವರು ನಡೆಯಲಿಲ್ಲ. ಮನೆಯಲ್ಲಿ ಯಾರೂ ನನ್ನನ್ನು ಆಡಿಕೊಳ್ಳಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಯನ್ನು ತರಗತಿಯಲ್ಲಿ ವಿಸ್ತರಿಸಿ ಬರೆಯಿಸುವಾಗ ಇಂದಿಗೂ ನಾನು ಹಲಗೆಯ ಕಡೆಗೆ ತಿರುಗಿ ನಿಂತುಬಿಡುತ್ತೇನೆ.

ಆ ಬೇಸಗೆಯಲ್ಲೇ ನಾನು ವಾಟು ಮತ್ತು ವಾಟ್‌ಗಂಟೆಗಳ ಭೇದವನ್ನು ಕಲಿತೆ. ಸಣ್ಣ ಹಲಗೆಯಿಂದ ಬಾಳಬಯಸುವವರು ಮೊದಲು ತಿಳಿಯಬೇಕಾದ ವ್ಯಾಕರಣವಿದು. ವಾಟೆಂದರೆ ತಿನ್ನುವ ವೇಗ. ವಾಟ್‌ಗಂಟೆಯೆಂದರೆ ತಿಂದ ಮೊತ್ತ. ಐನೂರು ವಾಟಿನ ಮಿಕ್ಸಿ ರಾಕ್ಷಸನಂತೆ ಗರ್ಜಿಸಿದರೂ ಹತ್ತು ನಿಮಿಷದ ಚಟ್ನಿಗೆ ಎಂಬತ್ತು ಚಿಲ್ಲರೆ ವಾಟ್‌ಗಂಟೆ ತಿಂದು ಸುಮ್ಮನಾಗುತ್ತದೆ. ಎಪ್ಪತ್ತೈದು ವಾಟಿನ ಹಳೆಯ ಪಂಖ ಸಾಧುವಿನಂತೆ ತಿರುಗುತ್ತ ಹತ್ತು ಗಂಟೆಯಲ್ಲಿ ಏಳುನೂರೈವತ್ತನ್ನು ಮುಗಿಸುತ್ತದೆ. ಸದ್ದು ಮಾಡುವವನ ಮೇಲೆ ಕಣ್ಣಿಟ್ಟು ಸದ್ದಿಲ್ಲದವನನ್ನು ಬಿಡುವುದು ತರಗತಿಯಲ್ಲೂ ನಾವು ಮಾಡುವ ತಪ್ಪೇ.

ಇನ್ನೊಂದು ವಿಷಯ: ಬಿಸಿ ಮಾಡುವ ಯಾವುದನ್ನೂ ಸಣ್ಣ ಹಲಗೆಗೆ ಹೊರಿಸಕೂಡದು. ನೀರು ಕಾಯಿಸುವ ಕೊಳಾಯಿ ಪೆಟ್ಟಿಗೆ ಎರಡು ಸಾವಿರ ವಾಟಿನದು. ಅರ್ಧ ಗಂಟೆಯಲ್ಲಿ ಒಂದು ಯೂನಿಟ್ಟು. ಬಿಸಿಲನ್ನು ವಿದ್ಯುತ್ತಾಗಿಸಿ ಮತ್ತೆ ಶಾಖವಾಗಿಸುವುದು ಕೊಂಕಣ ಸುತ್ತಿ ಮೈಲಾರಕ್ಕೆ ಬಂದಂತೆ. ಬಿಸಿಲಿನಿಂದಲೇ ನೀರು ಕಾಯುವ ಕೊಳವೆಗಳುಂಟು, ಮೋಡದ ದಿನಕ್ಕೆ ಹಂಡೆಯುಂಟು.

ದೀಪದ ವಿಷಯದಲ್ಲಂತೂ ನಮ್ಮ ತಲೆಮಾರು ಕಂಡದ್ದನ್ನು ಹಿಂದಿನವರು ನಂಬುತ್ತಿರಲಿಲ್ಲ. ಅರುವತ್ತು ವಾಟಿನ ಬುರುಡೆಯ ಬೆಳಕನ್ನು ಕಿರುಗೊಳವೆ ಹದಿಮೂರು ಹದಿನಾಲ್ಕು ವಾಟಿಗೆ ಇಳಿಸಿತು. ೧೯೯೩ರಲ್ಲಿ ಜಪಾನಿನ ಶೂಜಿ ನಕಮುರ ಪ್ರಖರವಾದ ನೀಲಿ ಎಲ್‌.ಇ.ಡಿ.ಯನ್ನು ಸಾಧಿಸಿದ ಮೇಲೆ ಬಿಳಿಯ ಬೆಳಕು ಸಾಧ್ಯವಾಗಿ, ಅದೇ ಕೆಲಸ ಏಳೆಂಟು ವಾಟಿಗೆ ಬಂತು. ಅವರಿಗೂ ಅಕಾಸಕಿ, ಅಮನೊ ಎಂಬಿಬ್ಬರಿಗೂ ೨೦೧೪ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಎಪ್ಪತ್ತೈದು ವಾಟಿನ ಪಂಖದ ಕೆಲಸವನ್ನು ಹೊಸ ಬಗೆಯ ಮೋಟಾರಿನ ಪಂಖ ಮೂವತ್ತರ ಆಚೀಚೆ ಮಾಡುತ್ತಿದೆ. ಇತ್ತ ಚೇಪಿನ್ನರ ಕಾಲದಲ್ಲಿ ೨೮೬ ಡಾಲರಿದ್ದ ವಾಟು ೧೯೭೦ರ ದಶಕದಲ್ಲಿ ಎಲಿಯಟ್ ಬರ್ಮನ್ ಎಂಬವರ ಪ್ರಯತ್ನದಿಂದ ಇಪ್ಪತ್ತಕ್ಕೆ ಇಳಿದು, ಇಂದು ಒಂದು ಡಾಲರಿಗಿಂತ ಎಷ್ಟೋ ಕೆಳಗಿದೆ. ಗುಣಾಕಾರದ ಎರಡು ಸಂಖ್ಯೆಗಳೂ ಇಳಿದು ನಡುದಾರಿಯಲ್ಲಿ ಭೇಟಿಯಾದುವು.

ಪೇಟೆಯಲ್ಲಿರುವ ನನ್ನ ಮನೆಯ ಲೆಕ್ಕವನ್ನೇ ಒಪ್ಪಿಸುತ್ತೇನೆ. ತಿಂಗಳಿಗೆ ನೂರ ಮೂವತ್ತು ಯೂನಿಟ್ಟು ಉರಿಯುತ್ತಿದ್ದ ಮನೆ ಅದು. ನೀರಿನ ಪೆಟ್ಟಿಗೆಯನ್ನು ಕಿತ್ತೆವು, ಪಂಖಗಳನ್ನು ಬದಲಿಸಿದೆವು, ಇಪ್ಪತ್ತು ವರ್ಷದ ಶೀತಪೆಟ್ಟಿಗೆಗೆ ನಮಸ್ಕಾರ ಹೇಳಿ ದಿನಕ್ಕೆ ಅರ್ಧ ಯೂನಿಟ್ಟಿನ ಚಿಕ್ಕದನ್ನು ತಂದೆವು. ಕಡೆಯದಕ್ಕೆ ಮನೆಯಾಕೆ ಒಪ್ಪಲು ಎರಡು ವರ್ಷ ಹಿಡಿಯಿತೆಂಬುದನ್ನು ಮುಚ್ಚಿಡುವುದಿಲ್ಲ. ಈಗ ದಿನದ ಖರ್ಚು ಒಂದೂವರೆ ಯೂನಿಟ್ಟು: ಶೀತಪೆಟ್ಟಿಗೆಗೆ ಅರ್ಧ, ಎರಡು ಪಂಖಗಳಿಗೆ ಹತ್ತಿರ ಹತ್ತಿರ ಅರ್ಧ, ಉಳಿದ ಅರ್ಧದಲ್ಲಿ ದೀಪ, ಮಿಕ್ಸಿ, ದೂರದರ್ಶನ, ಮೊಬೈಲು. ಇದಕ್ಕೆ ಐನೂರು ವಾಟಿನ ಹಲಗೆ ಸಾಕು. ಬಾನುಲಿಯನ್ನು ಲೆಕ್ಕಕ್ಕೇ ಹಿಡಿದಿಲ್ಲ. ದಿನವಿಡೀ ಹಾಡಿದರೂ ಒಂದು ಚಟ್ನಿಯಷ್ಟು ತಿನ್ನದು. ಆಷಾಢದ ಮೋಡದಲ್ಲಿ ಸರಕಾರದ ತಂತಿಯ ಸಹಾಯ ಬೇಕೇ ಬೇಕು. ಅದನ್ನು ಕತ್ತರಿಸುವ ವೀರವ್ರತ ನನ್ನದಲ್ಲ.

ಸರಕಾರದ ತಂತಿಗೆ ಜೋಡಿಸುವ ದೊಡ್ಡ ಹಲಗೆಗಳನ್ನು ನೆರೆಯವರು ಅನೇಕರು ಹಾಕಿಸುತ್ತಿದ್ದಾರೆ. ಒಳ್ಳೆಯದೇ. ಒಂದು ಸಂಗತಿಯನ್ನು ಮಾತ್ರ ಹಾಕಿಸುವ ಮುಂಚೆ ಕೇಳಿಕೊಳ್ಳಿ. ಬ್ಯಾಟರಿಯಿಲ್ಲದ ಸಾಮಾನ್ಯ ಏರ್ಪಾಡು, ಬೀದಿಯ ವಿದ್ಯುತ್ತು ಹೋದೊಡನೆ ತಾನೂ ನಿಲ್ಲುತ್ತದೆ; ಕಂಬದ ಮೇಲೆ ದುರಸ್ತಿ ಮಾಡುವವನ ಜೀವಕ್ಕೆ ಅಪಾಯವಾಗದಿರಲೆಂದು ಹಾಗೆ ಮಾಡಿರುತ್ತಾರೆ. ಮಟಮಟ ಮಧ್ಯಾಹ್ನ ಮೂರು ಸಾವಿರ ವಾಟಿನ ಹಲಗೆಯ ಕೆಳಗೆ ಬೀಸಣಿಗೆ ಹಿಡಿದು ಕುಳಿತ ಗೃಹಸ್ಥರೊಬ್ಬರು ನನ್ನನ್ನು ಕರೆದು, ಇದೇನು ಸ್ವಾಮಿ ಎಂದು ಕೇಳಿದ್ದಾರೆ.

ಊರಿನ ಮನೆಗೆ ೨೦೦೮ರಲ್ಲಿ ಕಂಬ ಬಂತು. ತಂದೆಯವರು ೨೦೧೧ರಲ್ಲಿ ಹೋದರು. ಹಳೆಯ ಹಲಗೆ ಹಂಚಿನ ಮೇಲೆ ಇನ್ನೂ ಇದೆ. ಬ್ಯಾಟರಿಗಳು ಮೂರು ಸಲ ಬದಲಾದುವು. ಕೊಟ್ಟಿಗೆಗೆ ಮಾತ್ರ ಶಿವಮೊಗ್ಗೆಯಿಂದ ಅವರನ್ನು ಕರೆತಂದ ವಾರದಲ್ಲೇ ಬೇರೆಯೇ ಒಂದು ಪುಟ್ಟ ಹಲಗೆ, ಬೇರೆಯೇ ಬ್ಯಾಟರಿ ಹಾಕಿಸಿದೆ. ಅದಕ್ಕೆ ಒಂದೇ ದೀಪ, ಈಗ ಮೂರು ವಾಟಿನದು. ಮನೆಯ ಯಾವ ತಂತಿಯೂ ಅದಕ್ಕೆ ಸೇರಿಲ್ಲ. ಮೊಬೈಲು ಚಾರ್ಜಿಗೆಂದು ನನ್ನ ತಮ್ಮನ ಮಗ ಕಳೆದ ಬೇಸಗೆಯಲ್ಲಿ ಅದರಿಂದ ಒಂದು ಎಳೆ ಎಳೆದಿದ್ದ. ನಾನು ಹೋದವನು ಮಾತಾಡದೆ ಬಿಚ್ಚಿದೆ. ಅವನೂ ಏಕೆಂದು ಕೇಳಲಿಲ್ಲ.